ಮಂಗಳನ ಊರಿಗೆ ಕುದುರೆಮುಖದ ಸಾಕ್ಷಿ

ಮಂಗಳ ಗ್ರಹದಲ್ಲಿ ನೆಲೆಸಿದವರು ತಮ್ಮ ಅನ್ನವನ್ನು ತಾವೇ ದುಡಿದಾರೆ? ಸುರತ್ಕಲ್ಲಿಗೆ ಹತ್ತಿರದ ಪಣಂಬೂರಿನಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯಿದು. ಕುದುರೆಮುಖದ ಕಬ್ಬಿಣದ ಅದಿರು ಕೆಸರಾಗಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟವಿಳಿದು ಇಲ್ಲಿಗೇ ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಒಂದೇ ಸರಕನ್ನು ನಂಬಿದ್ದ ಕುದುರೆಮುಖದ ಊರು ಬರಿದಾಯಿತು. ಗಾಳಿ, ನೀರು ಪುಕ್ಕಟೆ ಸಿಗುವಲ್ಲೇ ಹೀಗಾದರೆ, ಉಸಿರನ್ನೂ ತಯಾರಿಸಿಕೊಳ್ಳಬೇಕಾದಲ್ಲಿ?

ಮಂಗಳನಿಂದ ಅದಿರಲ್ಲ, ಜ್ಞಾನ ರಫ್ತಾಗುತ್ತದೆ ಎನ್ನಬಹುದು. ಇರಲಿ. ಆದರೆ ಭೂಮಿಯಿಂದ ಅಲ್ಲಿಗೆ ಹೊರಡಲು ಅನುಕೂಲದ ಸಮಯ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಕೆಟ್ಟ ಪಂಪು ಅಷ್ಟು ಕಾಯದು. ಯಾರ ಹಂಗೂ ಇಲ್ಲದ ಊರು ಭೂಮಿಯಲ್ಲೂ ಇಲ್ಲ, ನಿಜ. ಅದಕ್ಕೇ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ಕೊಡುಕೊಳೆಯಿದ್ದರೆ ಹಂಗು ಅವಮಾನವಲ್ಲ. ಮಂಗಳನ ಊರು ಮಾತ್ರ ಬಹುಕಾಲ ಉಣ್ಣುವ ಪಂಕ್ತಿಯಲ್ಲೇ ಕೂತಿರುತ್ತದೆ.