ಕೂಡುಭೂಮಿ ಮತ್ತು ಶ್ರಾವಕನ ಹೊಣೆ

ಒಬ್ಬನ ಕೈಯಿಂದ ಆಗದ ಖರೀದಿಯನ್ನು ನಾಲ್ವರು ಬಂಧುಗಳೋ ಮಿತ್ರರೋ ಕೂಡಿ ಮಾಡುವುದು ನಮ್ಮ ಸಮಾಜದಲ್ಲಿ ಹೊಸ ಸಂಗತಿಯಲ್ಲ. ಯಾರ ಹಣವೆಷ್ಟು, ಬೆಳೆಯಲ್ಲಿ ಯಾರ ಪಾಲೆಷ್ಟು, ಕಂದಾಯ ಕಟ್ಟುವವರು ಯಾರು ಎಂಬುದನ್ನೆಲ್ಲ ಕರಾರುಪತ್ರದಲ್ಲಿ ಬರೆದುಕೊಳ್ಳುತ್ತೇವೆ. ಆದರೆ ಆ ನೆಲದ ಮೇಲೆ ಒಂದು ಪ್ರಾಣಿವಧೆ ನಡೆದರೆ ಅದರ ಪಾಲು ಯಾರಿಗೆ, ಎಷ್ಟು ಎಂಬುದನ್ನು ಯಾವ ಪತ್ರದಲ್ಲಿಯೂ ಬರೆಯುವುದಿಲ್ಲ. ಪತ್ರದಲ್ಲಿ ಬರೆಯದ ಈ ಪಾಲನ್ನು ಕುರಿತು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶಗಳಲ್ಲಿ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಇಲ್ಲಿ ಹೊಲದ ಬದುವಿನಾಚೆಯೇ ಕಾಡು. 1956ರಲ್ಲಿ ದಾಂಡೇಲಿ ವನ್ಯಜೀವಿಧಾಮ ಘೋಷಿತವಾಯಿತು. 2007ರಲ್ಲಿ ಅದು ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರನ್ನು ಪಡೆಯಿತು. ಹುಲಿ, ಕರಿಚಿರತೆ, ಕಾಡುಕೋಣ, ಕಡವೆ, ಕಾಡುಹಂದಿಗಳಿಗೆ ನಮ್ಮ ಸರ್ವೆ ಕಲ್ಲುಗಳು ಗಡಿಯಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಪಟ್ಟಣದ ಮಿತ್ರಮಂಡಳಿಗಳಿಗೂ ಕಾಡಂಚಿನ ಮಾಲ್ಕಿ ಜಮೀನಿನ ದಾರಿ ತೆರೆದಿದೆ.

ಅಮೆರಿಕದಂಥ ದೇಶಗಳಲ್ಲಿ ಗೆಳೆಯರು ಹಣ ಕೂಡಿಸಿ ಬೇಟೆಗೆಂದೇ ಕಾಡುಭೂಮಿ ಕೊಳ್ಳುವುದು ಸಾಮಾನ್ಯ ವ್ಯವಹಾರ. ಅಲ್ಲಿ ನೆಲೆಸಿದ ನಮ್ಮ ಮಕ್ಕಳಿಗೂ ಸಹೋದ್ಯೋಗಿಗಳಿಂದ ಅಂಥ ಕರೆ ಬರಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಸ್ವಂತ ಜಮೀನೆಂಬುದು ಇದಕ್ಕೆ ವಿನಾಯಿತಿಯಲ್ಲ. ಕೊಲ್ಲುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಸೋಹುವುದು, ಇವುಗಳ ಪ್ರಯತ್ನ ಕೂಡ ಆ ಕಾಯಿದೆಯ ಅರ್ಥದಲ್ಲಿ ಬೇಟೆಯೇ. ಕುಮ್ಮಕ್ಕು ಕೊಡುವುದೂ ಅಪರಾಧವೇ. ಆದುದರಿಂದ ಇಲ್ಲಿ ಯಾರೂ 'ಬೇಟೆಯ ಭೂಮಿ' ಎಂದು ಹೇಳಿ ಕೊಳ್ಳುವುದಿಲ್ಲ. ತೋಟ, ವಿಶ್ರಾಂತಿಗೃಹ, ಹೋಂಸ್ಟೇ ಎಂಬ ಹೆಸರಿನಲ್ಲಿ ಕೊಂಡ ನೆಲಕ್ಕೆ ಪಾಲುದಾರರಲ್ಲೊಬ್ಬನ ಕೋವಿಯೂ ಆಳಿನ ತಂತಿ ಉರುಳೂ ಹಿಂದಿನಿಂದ ಬಂದು ಸೇರಬಹುದು. ಉಳಿದ ಪಾಲುದಾರರಿಗೆ ಗೊತ್ತಿರುತ್ತದೆ. ಆದರೆ ಅವರು ಮಾತನಾಡುವುದಿಲ್ಲ.

ಮೃಗಯೆಯು ಸಪ್ತವ್ಯಸನಗಳಲ್ಲಿ ಒಂದು. ಅದನ್ನು ಬಿಟ್ಟಲ್ಲದೆ ಶ್ರಾವಕತ್ವವೇ ಇಲ್ಲವೆಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ಮಾತು. ತಾನೇ ಬೇಟೆಯಾಡುವ ಜೈನ ಗೃಹಸ್ಥನನ್ನು ಕುರಿತು ಚರ್ಚೆಯ ಅಗತ್ಯವಿಲ್ಲ. ವಿಚಾರ ಮಾಡಬೇಕಾದುದು ತಾನು ಕೋವಿ ಮುಟ್ಟದೆ, ಮಾಂಸ ಮುಟ್ಟದೆ, ಪಾಲಿನ ಹಣವನ್ನು ಮಾತ್ರ ಕೊಟ್ಟವನ ವಿಷಯ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ಲೆಕ್ಕವಿದೆ. ಸಂಕಲ್ಪಿಸುವುದು, ಸಾಧನಗಳನ್ನು ಒದಗಿಸಿಕೊಳ್ಳುವುದು, ಕಾರ್ಯಕ್ಕೆ ತೊಡಗುವುದು ಎಂದು ಮೂರು ಹಂತ. ಮನ, ವಚನ, ಕಾಯ ಎಂದು ಮೂರು ದ್ವಾರ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಷಾಯ. ಇವನ್ನು ಗುಣಿಸಿದರೆ 108. ಈ ನೂರೆಂಟರಲ್ಲಿ ಸ್ವಂತ ಕೈಯಿಂದ ಮಾಡಿದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದೆರಡು ಪಾಲು ಮಾಡಿಸಿದ್ದು ಮತ್ತು ಒಪ್ಪಿದ್ದು. ಕೂಡುಭೂಮಿಯ ಮೌನ ಪಾಲುದಾರನು ಈ ಎರಡು ಪಾಲಿನೊಳಗೆ ನಿಂತಿದ್ದಾನೆ.

ಅನುಮೋದನೆಗೆ ನಿಜವಾಗಿ ಅಷ್ಟು ಶಕ್ತಿಯುಂಟೇ ಎಂದು ಸಂಶಯಪಡುವವರು ಆದಿಪುರಾಣದ ಕಥೆಯೊಂದನ್ನು ನೆನೆಯಬೇಕು. ವಜ್ರಜಂಘ ಮತ್ತು ಶ್ರೀಮತಿಯರು ಕಾಡಿನಲ್ಲಿ ಬೀಡುಬಿಟ್ಟಿದ್ದಾಗ ಮುನಿಗಳಿಗೆ ಆಹಾರದಾನ ಮಾಡಿದರು. ಅದನ್ನು ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ ಕಂಡವು. ಅವುಗಳ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ. ಮನಸ್ಸಿನಲ್ಲಿ ಒಪ್ಪಿ ಸಂತೋಷಪಟ್ಟವು, ಅಷ್ಟೆ. ಆ ಅನುಮೋದನೆಯಿಂದಲೇ ಅವು ಭೋಗಭೂಮಿಯಲ್ಲಿ ಜನ್ಮ ಪಡೆದವು. ಏನನ್ನೂ ಕೊಡದ ಕಾಡುಹಂದಿಗೆ ಬರಿಯ ಒಪ್ಪಿಗೆಯಿಂದ ಪುಣ್ಯದ ಪಾಲು ದೊರೆಯಿತೆಂದು ನಂಬುವ ನಾವು, ಹಣ ಕೊಟ್ಟು ರುಜು ಹಾಕಿದವನಿಗೆ ಹಂದಿಯ ವಧೆಯ ಪಾಲು ತಟ್ಟದೆಂದು ಯಾವ ನ್ಯಾಯದಿಂದ ಹೇಳಬಲ್ಲೆವು? ಅನುಮೋದನೆಯ ತಕ್ಕಡಿ ಪುಣ್ಯಕ್ಕೊಂದು ಪಾಪಕ್ಕೊಂದು ಎಂದು ಎರಡಿಲ್ಲ.

ಇದಕ್ಕೆ ಮೂರು ಆಕ್ಷೇಪಗಳು ಬರುವುದು ಸಹಜ.

ಮೊದಲನೆಯದು, 'ನಾನು ನೆಲಕ್ಕೆ ಹಣ ಕೊಟ್ಟೆ, ಬೇಟೆಗಲ್ಲ' ಎಂಬುದು. ಉದ್ದೇಶ ತಿಳಿಯದೆ ಕೊಟ್ಟವನಿಗೆ ಈ ಮಾತು ಒಪ್ಪುತ್ತದೆ. ತಿಳಿದೂ ಕೊಟ್ಟವನಿಗೆ ಒಪ್ಪುವುದಿಲ್ಲ. ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದೆಂದು ಸಮಂತಭದ್ರಾಚಾರ್ಯರು ಎಣಿಸಿದ್ದಾರೆ. ಕತ್ತಿ, ಕೊಡಲಿ, ಬೆಂಕಿ, ವಿಷಗಳನ್ನು ಇನ್ನೊಬ್ಬನ ಕೈಗೆ ಒದಗಿಸುವುದೇ ಅದು. ಮರಸು ಕೂರುವವನಿಗೆ ಕೋವಿ ಎಷ್ಟು ಅಗತ್ಯವೋ ಕೂರುವ ನೆಲವೂ ಅಷ್ಟೇ ಅಗತ್ಯ. ಮೇಲಾಗಿ ಹಿಸ್ಸೆಯಾಗದ ಜಮೀನಿನಲ್ಲಿ ಪ್ರತಿಯೊಬ್ಬ ಪಾಲುದಾರನಿಗೂ ಪ್ರತಿ ಗುಂಟೆಯಲ್ಲಿ ಹಕ್ಕಿದೆ. 'ನನ್ನ ಮೂಲೆ ಶುದ್ಧವಾಗಿದೆ' ಎನ್ನಲು ಅಲ್ಲಿ ಯಾರಿಗೂ ಸ್ವಂತ ಮೂಲೆಯೇ ಇರುವುದಿಲ್ಲ.

ಎರಡನೆಯದು ಬೆಳೆರಕ್ಷಣೆಯ ವಾದ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ರಾತ್ರಿಯೊಂದರಲ್ಲಿ ಗೋವಿನಜೋಳ, ಭತ್ತ, ಕಬ್ಬನ್ನು ಕಳೆದುಕೊಂಡ ರೈತನ ನೋವು ನಿಜವಾದದ್ದು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವೆಂದು ಶಾಸ್ತ್ರವೂ ಬಲ್ಲುದು. ಸಂಕಲ್ಪೀ ಹಿಂಸೆಯನ್ನು ಮಾತ್ರ ಸಂಪೂರ್ಣ ಬಿಡಬೇಕೆನ್ನುತ್ತದೆ. ಹೊಲ ಕಾಯುವುದು, ಬೇಲಿ ಕಟ್ಟುವುದು, ಕಂದಕ ತೋಡುವುದು, ಸದ್ದು ಮಾಡಿ ಓಡಿಸುವುದು, ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವುದು ರಕ್ಷಣೆಯ ಮಾರ್ಗಗಳು. ಬಂದ ಮೃಗವನ್ನು ಓಡಿಸುವುದು ರಕ್ಷಣೆ. ಬರಲೆಂದು ಮರಸಿನಲ್ಲಿ ಕಾದು ಕೂರುವುದು ಸಂಕಲ್ಪ. ಹೊಲದಲ್ಲಿ ಬೆಳೆಯೇ ಇಲ್ಲದ ಬೇಸಿಗೆಯಲ್ಲಿಯೂ ಉರುಳು ಉಳಿದಿದ್ದರೆ ಅದು ಯಾವ ಬೆಳೆಯನ್ನು ಕಾಯುತ್ತಿದೆ ಎಂದು ಪಾಲುದಾರರು ಕೇಳಿಕೊಳ್ಳಬೇಕು.

ಮೂರನೆಯದು, 'ನಾನು ಬಿಟ್ಟರೆ ಮತ್ತೊಬ್ಬ ಕೊಳ್ಳುತ್ತಾನೆ. ನಾನಿದ್ದರೆ ತಡೆಯಬಹುದು' ಎಂಬುದು. ಮೂರರಲ್ಲಿ ಇದೇ ಗಟ್ಟಿಯಾದ ಮಾತು. ಆದರೆ ತಡೆಯುವ ಶಕ್ತಿ ಕಾಗದದಲ್ಲಿ ಇರಬೇಕು. ಈ ಭೂಮಿಯಲ್ಲಿ ಪ್ರಾಣಿವಧೆ ಕೂಡದು, ಉರುಳು ಕೂಡದು, ಮೀರಿದವನು ತನ್ನ ಪಾಲನ್ನು ಉಳಿದವರಿಗೆ ಬಿಟ್ಟುಕೊಡಬೇಕು ಎಂಬ ಷರತ್ತನ್ನು ವಕೀಲರಿಂದ ಕರಾರಿನಲ್ಲಿ ಸೇರಿಸಿ ಕೊಂಡವನು ನಿಜವಾಗಿ ತಡೆಯುವವನು. ಷರತ್ತಿಗೆ ಮಿತ್ರರು ಒಪ್ಪದಿದ್ದರೆ ಅವರ ಉದ್ದೇಶ ಅಲ್ಲಿಯೇ ತಿಳಿದಂತಾಯಿತು.

ಯುರೋಪಿನ ಎರಡು ಮೊಕದ್ದಮೆಗಳು ಇಲ್ಲಿ ಸ್ಮರಣೀಯ. ಫ್ರಾನ್ಸಿನಲ್ಲಿ 1964ರ ಕಾನೂನೊಂದು ಹಲವು ಪ್ರದೇಶಗಳ ಸಣ್ಣ ಹಿಡುವಳಿದಾರರನ್ನು ಗ್ರಾಮದ ಬೇಟೆಸಂಘಕ್ಕೆ ಕಡ್ಡಾಯವಾಗಿ ಸೇರಿಸಿ, ಅವರ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಟ್ಟಿತ್ತು. ಬೇಟೆಯನ್ನು ವಿರೋಧಿಸುವ ಕೆಲವು ಭೂಮಾಲೀಕರು ನ್ಯಾಯಾಲಯಕ್ಕೆ ಹೋದರು. ಅಂತಃಸಾಕ್ಷಿಗೆ ವಿರುದ್ಧವಾಗಿ ಅವರನ್ನು ಹೀಗೆ ಬಂಧಿಸುವುದು ಹಕ್ಕಿನ ಉಲ್ಲಂಘನೆಯೆಂದು 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. ತಾಯಿಯಿಂದ ಬಂದ ಜಮೀನಿನ ಕಾರಣದಿಂದಲೇ ಬೇಟೆಸಂಘದ ಸದಸ್ಯನಾಗಬೇಕಾಗಿ ಬಂದ ಜರ್ಮನಿಯ ಒಬ್ಬನಿಗೂ 2012ರಲ್ಲಿ ಅಂಥದೇ ನ್ಯಾಯ ದೊರೆಯಿತು. ಕಾನೂನೇ ಕಟ್ಟಿಹಾಕಿದ್ದರೂ 'ನನ್ನ ನೆಲದಲ್ಲಿ ಕೊಲ್ಲಬೇಡಿ' ಎಂದು ಅವರು ವರ್ಷಗಟ್ಟಲೆ ಹೋರಾಡಿದರು. ನಮ್ಮನ್ನು ಯಾರೂ ಕಟ್ಟಿಲ್ಲ. ನಮ್ಮ ಕಾನೂನು ಅಹಿಂಸೆಯ ಪಕ್ಷದಲ್ಲಿಯೇ ಇದೆ. ಹಾಗಿರುವಾಗ ನಮ್ಮ ಮೌನಕ್ಕೆ ದಾಕ್ಷಿಣ್ಯವಲ್ಲದೆ ಬೇರೆ ಕಾರಣವಿಲ್ಲ.

ಪಿತ್ರಾರ್ಜಿತವಾಗಿ ಬಂದ ಕೂಡುಭೂಮಿಯ ವಿಷಯ ಬೇರೆ. ಅದನ್ನು ನಾವು ಆರಿಸಿಕೊಂಡಿಲ್ಲ. ದಾಯಾದಿಯೊಬ್ಬ ನಮಗೆ ತಿಳಿಯದೆ ಮಾಡಿದ ಕೃತ್ಯ ನಮ್ಮ ಅನುಮತಿಯಲ್ಲ. ಆದರೆ ತಿಳಿದ ದಿನದಿಂದ ಹೊಣೆ ಆರಂಭವಾಗುತ್ತದೆ. ಹಿರಿಯರ ಮುಂದೆ ಮಾತನಾಡಿ ನಿಲ್ಲಿಸಬೇಕು. ನಿಲ್ಲದಿದ್ದರೆ ಹಿಸ್ಸೆ ಮಾಡಿಸಿಕೊಂಡು ಪಹಣಿಯನ್ನು ಬೇರ್ಪಡಿಸಿಕೊಳ್ಳಬೇಕು. ಇದರಿಂದ ಬಾಂಧವ್ಯ ಕೆಡಬಹುದೆಂಬ ಭಯ ಸಹಜವೇ. ಆದರೂ ಅಣ್ಣನ ಮನಸ್ಸು ನೋಯಬಾರದೆಂದು ಮೂಕಪ್ರಾಣಿಯ ಜೀವವನ್ನು ಬೆಲೆಯಾಗಿ ಕೊಡುವ ಅಧಿಕಾರ ತಮ್ಮನಿಗೆ ಇಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳೂ ಒಂದು ಬಗೆಯ ಕೂಡುಮಾಲೀಕರೇ. ಬಸದಿಯ ಜಮೀನನ್ನು ಸಾಗುವಳಿಗೆ ಕೊಡುವಾಗ ದರವನ್ನಷ್ಟೇ ಬರೆಯದೆ, ಪ್ರಾಣಿವಧೆ ಕೂಡದೆಂಬ ಷರತ್ತನ್ನೂ ಬರೆಯುವುದು, ವರ್ಷಕ್ಕೊಮ್ಮೆ ಸದಸ್ಯರೇ ಹೋಗಿ ಬೇಲಿಯುದ್ದಕ್ಕೂ ನಡೆದು ನೋಡುವುದು ಅವಶ್ಯ. ಸಭೆಯ ನಡಾವಳಿಯಲ್ಲಿ 'ಸರ್ವಾನುಮತ' ಎಂಬ ಪದವನ್ನು ನಾವು ಸುಲಭವಾಗಿ ಬರೆದುಬಿಡುತ್ತೇವೆ. ಅದರೊಳಗಿರುವ 'ಅನುಮತ'ವು ಆ ನೂರೆಂಟರ ಲೆಕ್ಕದಲ್ಲಿ ಬರುವ ಅನುಮತವೇ ಆಗಿದೆ ಎಂಬುದು ಸದಸ್ಯರ ನೆನಪಿನಲ್ಲಿರಲಿ.