ಕೊಳ್ಳುವವನ ಕಣ್ಣು ಎಲ್ಲಿ ನಿಲ್ಲುತ್ತದೆ?

ಕೊಳ್ಳುವವನು ಕೇಳದಿದ್ದರೂ ಮಾರುವವನು ಹೇಳಬೇಕೆ? ಜಿಗಣಿಯಲ್ಲಿ ಹಳೆ ಬ್ಯಾಕ್‌ಹೋ, ಬಾಬ್‌ಕ್ಯಾಟ್, ಮಿನಿ ಎಕ್ಸ್‌ಕವೇಟರ್‌ಗಳ ವ್ಯಾಪಾರ ಕುದುರಿಸುವ ನನಗೆ ಧರ್ಮದ ಪ್ರಶ್ನೆ ಎದುರಾಗುವುದು ಈ ರೂಪದಲ್ಲಿ. ಗ್ರಾನೈಟ್ ಕಾರ್ಖಾನೆಗಳ ಹಿಂದಿನ ಯಾರ್ಡಿನಲ್ಲಿ, ಎರಡು ಪಾರ್ಟಿಗಳ ನಡುವೆ ನಿಂತಿರುವಾಗ.

ಹಳೆ ಗಾಡಿಗೆ ಎಂಆರ್‌ಪಿ ಇಲ್ಲ. ಯಾವ ವರ್ಷದ ಮಾಡೆಲ್, ಎಷ್ಟು ಗಂಟೆ ಓಡಿದೆ, ಟೈರು ಹೇಗಿದೆ, ಫೈನಾನ್ಸ್ ಕಂಪನಿಯ ಎನ್‌ಒಸಿ ಕೈಗೆ ಬಂದಿದೆಯೇ ಎಂಬುದರ ಮೇಲೆ ರೇಟು ಕುದುರುತ್ತದೆ. ಮಳೆಗಾಲದಲ್ಲಿ ಮಣ್ಣಿನ ಕೆಲಸ ನಿಂತು ಇಳಿಯುತ್ತದೆ, ದಸರಾ ಕಳೆದು ಆನೇಕಲ್ ಸುತ್ತಿನ ಲೇಔಟುಗಳಲ್ಲಿ ಪಾಯ ತೋಡಲು ಶುರುವಾದರೆ ಏರುತ್ತದೆ. ಸರ್ಕಾರದ ನಿಯಮವೂ ರೇಟು ಅಲ್ಲಾಡಿಸುತ್ತದೆ. ಚಕ್ರದ ಯಂತ್ರಗಳಿಗೆ ಹೊಗೆಯ ನಾಲ್ಕನೇ ಹಂತದ ಮಾನದಂಡ ಬಂದದ್ದು 2021ರ ಏಪ್ರಿಲ್‌ನಲ್ಲಿ, ಐದನೆಯದು 2025ರ ಜನವರಿಯಲ್ಲಿ. ಹೊಸ ಎಂಜಿನ್ ದುಬಾರಿಯಾದಾಗಲೆಲ್ಲ ಒಳ್ಳೆ ಕಂಡೀಷನ್ನಿನ ಹಳೆ ಗಾಡಿಗೆ ಗಿರಾಕಿ ಹೆಚ್ಚುತ್ತದೆ.

ಇಂಥ ಏರಿಳಿತ ಮೊದಲೇ ತಿಳಿದವನು ಸುಮ್ಮನಿರಬಹುದೇ? ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಇದೇ ಚರ್ಚೆ ಇದೆ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವರ್ತಕ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನೊಬ್ಬನಿಗೇ ಗೊತ್ತು. ಕಾನೂನು ಕೇಳಿದಷ್ಟು ದೋಷ ಹೇಳಿದರೆ ಸಾಕು, ಉಳಿದದ್ದು ವ್ಯಾಪಾರ ಎಂದ ಬ್ಯಾಬಿಲೋನಿನ ಡಯೋಜೀನಿಸ್. ಎಲ್ಲವನ್ನೂ ಹೇಳಬೇಕು ಎಂದ ಅವನ ಶಿಷ್ಯ ಆಂಟಿಪೇಟರ್. ಸಿಸೆರೋ ಶಿಷ್ಯನ ಕಡೆ ನಿಂತ.

ನನ್ನ ಉತ್ತರ ಯಾರ್ಡಿನಲ್ಲೇ ಸಿಕ್ಕಿತು. ಮೀಟರ್ 4,000 ಗಂಟೆ ತೋರಿಸುತ್ತಿರುತ್ತದೆ, ಪೆಡಲ್ಲಿನ ರಬ್ಬರ್ ಮಾತ್ರ ಸವೆದು ನುಣ್ಣಗಾಗಿರುತ್ತದೆ. ಬೂಮಿನ ಅಡಿಯಲ್ಲಿ ಬಿಟ್ಟ ಬಿರುಕಿಗೆ ವೆಲ್ಡಿಂಗ್ ಮಾಡಿ, ಗ್ರೈಂಡ್ ಮಾಡಿ, ಹಳದಿ ಪೇಂಟ್ ಹೊಡೆದರೆ ಪಳಗಿದ ಮೆಕ್ಯಾನಿಕ್ಕಿಗೂ ತಕ್ಷಣ ಗೊತ್ತಾಗದು. ದೀಪಾವಳಿ ಹೊತ್ತಿಗೆ ರೇಟು ಏರುತ್ತದೆಯೇ ಎಂದು ಯಾರು ಬೇಕಾದರೂ ನಾಲ್ಕು ಕಡೆ ವಿಚಾರಿಸಬಹುದು. ಪೇಂಟಿನ ಕೆಳಗಿನ ಬಿರುಕು ಗೊತ್ತಿರುವುದು ಗಾಡಿ ಮಾಲೀಕನೊಬ್ಬನಿಗೆ. ಕೊಳ್ಳುವವನ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮಾರುವವನ ಕರ್ತವ್ಯ ಶುರುವಾಗುತ್ತದೆ.

ಎಲ್ಲರ ಕಣ್ಣೂ ಒಂದೇ ದೂರ ಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹತ್ತು ಗಾಡಿ ಇಟ್ಟ ಕಂಟ್ರಾಕ್ಟರಿಗೆ ಮಾರ್ಕೆಟ್ ನಾನು ಕಲಿಸಬೇಕಿಲ್ಲ. ಆದರೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಇನ್ನೊಬ್ಬರ ಗಾಡಿಗೆ ಆಪರೇಟರ್ ಆಗಿ ದುಡಿದವರು. ಹೆಂಡತಿಯ ಒಡವೆ ಅಡವಿಟ್ಟು, ಉಳಿದದ್ದಕ್ಕೆ ಸಾಲ ಎತ್ತಿ, "ಅಣ್ಣಾ, ಗಾಡಿ ಹೆಂಗೈತೆ, ನೀವೇ ಹೇಳ್ರಣ್ಣ" ಎನ್ನುತ್ತಾರೆ. ಲಿವರ್ ಹಿಡಿದರೆ ಪಂಪಿನ ದೋಷ ಹೇಳಬಲ್ಲ ಹುಡುಗನಿಗೆ ಕಂತು, ಬಡ್ಡಿ, ಮಳೆಗಾಲದ ಮೂರು ತಿಂಗಳು ಬಾಡಿಗೆ ಸಿಗದ ಲೆಕ್ಕ ಕಾಣುವುದಿಲ್ಲ. ಅವನಿಗೆ ಮಾರ್ಕೆಟ್ಟನ್ನೂ ಬಿಡಿಸಿ ಹೇಳುವುದು ನನ್ನ ಪಾಲಿನ ಕರ್ತವ್ಯ. ಈಗ ಬೇಡ, ಕೆಲಸ ಗಟ್ಟಿ ಮಾಡಿಕೊಂಡು ಬಾ ಎನ್ನಬೇಕಾದರೆ ಕಮಿಷನ್ ಬಿಟ್ಟಾದರೂ ಹೇಳಬೇಕು.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಎಂಬ ತಪಸ್ವಿಯ ಜಟೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ, ಅಷ್ಟು ನಿಶ್ಚಲ ಅವನ ತಪಸ್ಸು. ಅಂಥವನು ಧರ್ಮ ಕೇಳಲು ಹೋದದ್ದು ವಾರಾಣಸಿಯ ವ್ಯಾಪಾರಿ ತುಲಾಧಾರನ ಬಳಿಗೆ. ಎಲ್ಲರಿಗೂ ಒಂದೇ ಸಮನಾಗಿ ತೂಗುವ ತಕ್ಕಡಿಯೇ ಆ ವ್ಯಾಪಾರಿಯ ತಪಸ್ಸು. ನಮ್ಮ ಕಸುಬಿನ ತಕ್ಕಡಿ ಗಂಟೆಯ ಮೀಟರು. ಅದನ್ನು ಹಿಂದಕ್ಕೆ ತಿರುಗಿಸಿ, ಆಯುಧಪೂಜೆಯ ದಿನ ಅದೇ ಗಾಡಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆದರೆ ಆ ಪೂಜೆ ಯಾರಿಗೆ ಸಲ್ಲುತ್ತದೆ?

ಅಡ್ವಾನ್ಸ್ ಕೈ ಬದಲಾಗುವ ಮೊದಲು ಗಾಡಿಯ ದೋಷಗಳನ್ನು ಮಾಲೀಕರ ಬಾಯಿಂದಲೇ ಹೇಳಿಸಿ, ಕರಾರು ಪತ್ರದಲ್ಲಿ ಬರೆಸುತ್ತೇನೆ. ಒಪ್ಪದವರ ಗಾಡಿ ಹಿಡಿಯುವುದಿಲ್ಲ. ರೇಟು ಇಳಿದರೆ ಇಳಿಯಲಿ, ಅದೇ ಗಾಡಿಯ ನಿಜವಾದ ಬೆಲೆ. ಬಚ್ಚಿಟ್ಟು ಪಡೆದ ಹೆಚ್ಚಿನ ಹಣ, ಕೊಂಡವನು ಮುಂದೆ ರಿಪೇರಿಗೆ ಹಾಕಬೇಕಾದ ಹಣವೇ. ಅದನ್ನು ಲಾಭದ ಲೆಕ್ಕಕ್ಕೆ ಬರೆದುಕೊಳ್ಳುವ ಹಕ್ಕು ನಮಗಿಲ್ಲ.