ಮಳೆಯ ಲೆಕ್ಕ

ನಮ್ಮ ಮೂಡಿಗೆರೆ, ಕಳಸದ ಕಡೆ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಹಳೆಯದು. ನಿನ್ನೆ ಎಷ್ಟಾಯಿತೆಂದು ಕೇಳಿದರೆ ಇಂಚು, ಸೆಂಟುಗಳಲ್ಲಿ ಉತ್ತರ ಬರುತ್ತದೆ. ಆ ಲೆಕ್ಕ ಬೇಕಾಗುವುದು ಕಾಫಿ ಹೂವಿಗೆ, ಮೆಣಸಿನ ಬಳ್ಳಿಗೆ.

ಗುಡ್ಡವೂ ಅದೇ ನೀರನ್ನು ಕುಡಿಯುತ್ತಿರುತ್ತದೆ. ದಿನಗಟ್ಟಲೆ ಹಿಡಿದ ಮಳೆಗೆ ಮಣ್ಣು ಭಾರವಾಗಿ, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ಬಿಟ್ಟು ಜಾರುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಮನೆ, ತೋಟ ಹೋದದ್ದು ಗುಡ್ಡ ಕುಸಿದೇ. ಕೆಲವೊಮ್ಮೆ ಮೊದಲೇ ಸೂಚನೆ ಇರುತ್ತದೆ: ನೆಲದಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು. ಕೊಡ ಹಿಡಿದು ಹೋಗುವ ಹೆಂಗಸಿಗೇ ಅದು ಮೊದಲು ಕಾಣುವುದು. (ಅವಳನ್ನು ಯಾರೂ ಸಭೆಗೆ ಕರೆಯುವುದಿಲ್ಲ, ಬಿಡಿ.)

ಕಂಡವರು ಹೇಳಬೇಕು, ಸರಿ. ಹೇಳಿದ ಮೇಲೆ? "ಎಲ್ಲಿಗೆ ಹೋಗಲಿ ಅಮ್ಮಾ, ಕೂಲಿಗೇನು ಮಾಡಲಿ?" ಎಂದು ಲೈನ್ ಮನೆಯವಳು ಕೇಳಿದರೆ? 2024ರ ಜುಲೈ 30ರಂದು, ಇನ್ನೂ ಬೆಳಕು ಹರಿಯುವ ಮೊದಲೇ, ವಯನಾಡಿನ ಮುಂಡಕ್ಕೈಯಲ್ಲಿ ತೋಟದ ಕಾರ್ಮಿಕರ ಪಾಡಿಗಳೂ ಕೊಚ್ಚಿಹೋದವು. ಹೋಗಲು ಜಾಗವಿಲ್ಲದವಳಿಗೆ ಬರೀ ಎಚ್ಚರಿಕೆ ಕೊಟ್ಟರೆ ನಮ್ಮ ಮನಸ್ಸು ಹಗುರಾಗುತ್ತದೆ, ಅಷ್ಟೆ. ಮಳೆ ಅಳೆಯುವ ಮನೆಯವರು ಗಟ್ಟಿ ನೆಲದ ಮೇಲೊಂದು ಕೋಣೆಯ ಬೀಗವನ್ನೂ ತೆಗೆದಿಡಬೇಕು. ಒಣ ಚಾಪೆ, ಉರಿಯುವ ಒಲೆ, ಆ ದಿನಗಳ ಕೂಲಿ. ಚಾಪೆ, ಒಲೆಗೆ ಎಲ್ಲರೂ ಒಪ್ಪುತ್ತಾರೆ. ಕೂಲಿಯ ಮಾತು ಬಂದಾಗ ಕೆಲವರಿಗೆ ಕಾಫಿ ಆರಿಹೋಗುತ್ತಿರುವುದು ನೆನಪಾಗುತ್ತದೆ.